ಮರಿಗೆ ಒಂದು ಜೊತೆ

ನಮ್ಮ ಚಿಕ್ಕಪ್ಪನಿಗೆ ಊರಿನ ಅರ್ಧ ಜನರ ಬಾಯಿ ಗೊತ್ತಿತ್ತು, ಮುಖ ಗೊತ್ತಿರಲಿಲ್ಲ. ಅವನು ಹಲ್ಲುಸೆಟ್ ಮಾಡುವವನು. ಹಲ್ಲಿನ ಆಸ್ಪತ್ರೆಯ ಹಿಂಬದಿಯಲ್ಲಿದ್ದ ಕಿರಿದಾದ ಕೋಣೆಯೇ ಅವನ ಕಾರ್ಖಾನೆ. ಮುಂಬಾಗಿಲಿನಿಂದ ಬಂದ ರೋಗಿಗಳು ಬಾಯಿ ತೆರೆದು ಅಚ್ಚು ಕೊಟ್ಟು ಹೋಗುತ್ತಿದ್ದರು, ಆ ಅಚ್ಚು ಹಿಂಬಾಗಿಲಿನಿಂದ ಚಿಕ್ಕಪ್ಪನ ಮೇಜಿಗೆ ಬರುತ್ತಿತ್ತು. ಅವನು ಅದರೊಳಗೆ ಪ್ಲಾಸ್ಟರ್ ಸುರಿದು, ಮೇಣ ಕೂರಿಸಿ, ಒಂದೊಂದೇ ಹಲ್ಲು ಜೋಡಿಸಿ, ಗುಲಾಬಿ ಬಣ್ಣದ ವಸಡು ಕಟ್ಟಿ, ಮಿಷನ್ನಿಗೆ ಕೊಟ್ಟು ಪಾಲಿಶ್ ಮಾಡುತ್ತಿದ್ದ. ರಸ್ತೆಯಲ್ಲಿ ಹೋಗುವಾಗ ಯಾರಾದರೂ ಎದುರಿಗೆ ನಕ್ಕರೆ ಸಾಕು, "ಈ ನಗು ನಂದೇ ಕಣೇ" ಎಂದು ನನ್ನ ಕಿವಿಯಲ್ಲಿ ಹೇಳುತ್ತಿದ್ದ.

ಚಿಕ್ಕಪ್ಪ ಬಾಯಿಬಡುಕ. ಮೇಣ ಕರಗಿಸುವಾಗಲೂ ಮಾತು, ಊಟ ಮಾಡುವಾಗಲೂ ಮಾತು. ಕೇಳುವವರಿಲ್ಲದಿದ್ದರೆ ಶೆಲ್ಫಿನ ಮೇಲಿದ್ದ ಪ್ಲಾಸ್ಟರ್ ದವಡೆಗಳ ಜೊತೆ ಮಾತು. ಇಂಥವನು ಮದುವೆಯಾದದ್ದು ಕಿವಿ ಕೇಳದವಳನ್ನು. ಚಿಕ್ಕಮ್ಮನಿಗೆ ಹುಟ್ಟಿನಿಂದಲೇ ಕಿವಿ ಕೇಳುತ್ತಿರಲಿಲ್ಲ. ಕಿವುಡ ಮಕ್ಕಳ ಶಾಲೆಯ ಹಾಸ್ಟೆಲಿನಲ್ಲಿ ಹನ್ನೆರಡು ವರ್ಷ ಓದಿ, ಆಮೇಲೆ ಪುಸ್ತಕಕ್ಕೆ ರಟ್ಟು ಕಟ್ಟುವ ಪ್ರೆಸ್ಸಿನಲ್ಲಿ ಕೆಲಸಕ್ಕಿದ್ದಳು. ಬಾಯಿಂದ ನಾಲ್ಕಾರು ಪದ ಆಡುತ್ತಿದ್ದಳು, ಅದು ಮನೆಯವರಿಗೆ ಮಾತ್ರ ಅರ್ಥವಾಗುತ್ತಿತ್ತು. ಬರೆಯಲು ಕೂತರೆ ಎರಡು ಸಾಲಿಗೇ ತಡವರಿಸುತ್ತಿದ್ದಳು. ಅವಳ ನಿಜವಾದ ಮಾತೆಲ್ಲ ಕೈಯಲ್ಲಿತ್ತು. ಮದುವೆಯಾದ ಮೇಲೆ ಪ್ರೆಸ್ಸು ದೂರವಾಯಿತೆಂದು ಕೆಲಸ ಬಿಟ್ಟಳು. ಕಾರ್ಖಾನೆಯ ಮೇಲಿನ ಎರಡು ಕೋಣೆಗಳಲ್ಲಿ ಅವರ ಸಂಸಾರ ಶುರುವಾಯಿತು. ಮಕ್ಕಳಾಗಲಿಲ್ಲ.

"ಊರಲ್ಲಿ ಗಂಡಂದಿರೆಲ್ಲ ಹೆಂಡ್ತಿ ನನ್ನ ಮಾತು ಕೇಳಲ್ಲ ಅಂತ ಅಳ್ತಾರೆ. ನಾನು ಮದುವೆಗೆ ಮುಂಚೆನೇ ಗ್ಯಾರಂಟಿ ಮಾಡ್ಕೊಂಡು ಬಂದೆ." ಇದು ಚಿಕ್ಕಪ್ಪನ ಕಾಯಂ ಜೋಕು. ಬಂದವರಿಗೆಲ್ಲ ಹೇಳುತ್ತಿದ್ದ. ಚಿಕ್ಕಮ್ಮ ಪಕ್ಕದಲ್ಲೇ ಚಹಾದ ಲೋಟ ಹಿಡಿದು ನಿಂತು, ಎಲ್ಲರೂ ನಕ್ಕಾಗ ತಾನೂ ನಗುತ್ತಿದ್ದಳು.

ಚಿಕ್ಕಪ್ಪ ಸನ್ನೆ ಕಲಿತಿದ್ದ, ಇಲ್ಲವೆಂದಲ್ಲ. ಊಟ, ನೀರು, ಬಾಗಿಲು, ಬೆಂಕಿ, ಅಮ್ಮ, ನಾಳೆ, ಸಾಕು, ಜ್ವರ, ಚೆನ್ನಾಗಿದೆ. ಒಮ್ಮೆ ನಾನು ಎಣಿಸಿ ನೋಡಿದಾಗ ಸುಮಾರು ನಲವತ್ತಾಯಿತು. "ಸಂಸಾರ ಮಾಡೋಕೆ ಇಷ್ಟು ಸಾಲದಾ?" ಎಂದಿದ್ದ. ನನಗೂ ಆಗ ಸಾಕೆನಿಸಿತ್ತು. ಇಪ್ಪತ್ತೆರಡು ವರ್ಷ ಅವರ ನಡುವೆ ಒಂದು ಜಗಳವನ್ನೂ ನಾವು ಯಾರೂ ನೋಡಲಿಲ್ಲ.

ಗಿನಿಪಿಗ್‌ಗಳು ಬಂದದ್ದು ಹತ್ತೊಂಬತ್ತನೆಯ ವರ್ಷದಲ್ಲಿ. ಹಲ್ಲಿನ ಡಾಕ್ಟರ ಮಕ್ಕಳಿಗೆ ಬೇಜಾರಾಗಿ, ಅಕ್ಕತಂಗಿಯಾಗಿದ್ದ ಎರಡು ಹೆಣ್ಣು ಗಿನಿಪಿಗ್‌ಗಳು ಪಂಜರದ ಸಮೇತ ಹಿಂಬಾಗಿಲಿಗೆ ಬಂದವು. ಒಂದು ಕಂದು, ಒಂದು ಬಿಳಿಕಪ್ಪು. "ಇತ್ತ ಇಲಿಯೂ ಅಲ್ಲ, ಅತ್ತ ಹಂದಿಯೂ ಅಲ್ಲ, ಇದನ್ನ ಇಟ್ಕೊಂಡು ಏನು ಮಾಡ್ತೀಯ?" ಎಂದು ನನ್ನಪ್ಪ ಕೇಳಿದ. ಚಿಕ್ಕಮ್ಮ ಮಾತ್ರ ಪಂಜರದ ಮುಂದೆ ಕೂತವಳು ಏಳಲೇ ಇಲ್ಲ. ಅವು ಸಿಳ್ಳೆ ಹಾಕುವುದು, ಗೊಣಗುವುದು ಅವಳಿಗೆ ಕೇಳಿಸುತ್ತಿರಲಿಲ್ಲ. ಬೆನ್ನ ಮೇಲೆ ಅಂಗೈ ಇಟ್ಟು ಆ ಗುರುಗುರುವನ್ನು ಕೈಯಲ್ಲೇ ತಿಳಿದುಕೊಳ್ಳುತ್ತಿದ್ದಳು. ಪಂಜರ ಇಕ್ಕಟ್ಟೆಂದು ಎರಡೇ ದಿನದಲ್ಲಿ ಅದನ್ನು ಬದಿಗಿಟ್ಟು, ಒಳಕೋಣೆಯ ಗೋಡೆಯುದ್ದಕ್ಕೂ ಹಲಗೆ ನಿಲ್ಲಿಸಿ ನೆಲದ ಮೇಲೆ ಅಂಗಳದಂಥ ಜಾಗ ಮಾಡಿಕೊಟ್ಟಳು. ಅವುಗಳಿಗೆ ಅವಳಿಟ್ಟ ಹೆಸರು ಸನ್ನೆಯಲ್ಲಿತ್ತು: ಕಂದು ಬಣ್ಣದ್ದಕ್ಕೆ ಮೂಗಿನ ತುದಿಯಲ್ಲಿ ಎರಡು ಬೆರಳು ಅಲ್ಲಾಡಿಸುವುದು, ಇನ್ನೊಂದಕ್ಕೆ ಕಣ್ಣ ಸುತ್ತ ಒಂದು ವೃತ್ತ. ಚಿಕ್ಕಪ್ಪ ಎರಡನ್ನೂ "ಮರಿ" ಎನ್ನುತ್ತಿದ್ದ.

ಚಿಕ್ಕಮ್ಮ ತೀರಿಕೊಂಡದ್ದು ಮೂರೇ ದಿನದ ಕಾಯಿಲೆಯಲ್ಲಿ. ಹೊಟ್ಟೆನೋವೆಂದು ಆಸ್ಪತ್ರೆ ಸೇರಿದಳು, ಒಳಗೆ ಏನೋ ಒಡೆದು ವಿಷವೇರಿತ್ತು. ಬರೆಯುವ ಕೈಗೆ ಸೂಜಿ ಚುಚ್ಚಿ ಪಟ್ಟಿ ಸುತ್ತಿದ್ದರು. ಉಳಿದ ಒಂದು ಕೈಯಲ್ಲಿ ಅವಳು ಏನೇನೋ ಹೇಳುತ್ತಿದ್ದಳು. ನರ್ಸು ಚಿಕ್ಕಪ್ಪನ ಮುಖ ನೋಡುತ್ತಿದ್ದಳು, ಚಿಕ್ಕಪ್ಪ ಚಿಕ್ಕಮ್ಮನ ಕೈ ನೋಡುತ್ತಿದ್ದ. ಕೊನೆಯ ದಿನ ಒಂದೇ ಸನ್ನೆಯನ್ನು ಮತ್ತೆ ಮತ್ತೆ ಮಾಡಿದಳು. ಚಿಕ್ಕಪ್ಪ ಪ್ರತಿ ಸಲವೂ "ಹೂಂ, ಹೂಂ, ಆಯ್ತು" ಎಂದು ತಲೆಯಾಡಿಸಿದ. ನಾನು ಆಗ ಬಾಗಿಲ ಬಳಿ ಇದ್ದೆ. ಅವನಿಗೆ ಅರ್ಥವಾಗಿದೆ ಎಂದೇ ತಿಳಿದಿದ್ದೆ.

ಐದು ತಿಂಗಳಿಗೆ ಬಿಳಿಕಪ್ಪು ಗಿನಿಪಿಗ್ ಸತ್ತಿತು. ಕಂದು ಮರಿ ಒಂಟಿಯಾಯಿತು.

ಅದಕ್ಕೆ ಬೇಜಾರಾಗಬಾರದೆಂದು ಚಿಕ್ಕಪ್ಪ ಅಟ್ಟದ ಮೇಲಿದ್ದ ಹಳೆಯ ಪಂಜರವನ್ನು ಕೆಳಗಿಳಿಸಿ, ಮರಿಯನ್ನು ಅದರಲ್ಲಿ ಹಾಕಿ, ಕಾರ್ಖಾನೆಯ ಶೆಲ್ಫಿನ ಮೇಲೆ ತನ್ನ ಕಣ್ಣೆದುರಿಗೇ ಇಟ್ಟುಕೊಂಡ. ಬೆಳಿಗ್ಗೆಯಿಂದ ಸಂಜೆವರೆಗೆ ಅದರ ಜೊತೆ ಮಾತಾಡಿದ. ಯಾರ ದವಡೆ ಸೊಟ್ಟಗಿದೆ, ಯಾವ ಮುದುಕಿ ಹಲ್ಲು ಕಟ್ಟಿಸಿಕೊಂಡು ಮೊದಲ ದಿನವೇ ಅಳಿಯನನ್ನು ಬೈದಳು, ಎಲ್ಲ ವರದಿ. ಒಂದು ಪುಟ್ಟ ಕನ್ನಡಿಯನ್ನೂ ಕಟ್ಟಿದ್ದ. "ನೋಡು, ಇನ್ನೊಬ್ಬಳಿದ್ದಾಳೆ ಅಂದ್ಕೊಳ್ಳುತ್ತೆ." ಒಂದು ಬಟ್ಟೆಯ ಮೊಲವನ್ನೂ ಮೂಲೆಯಲ್ಲಿ ಕೂರಿಸಿದ್ದ.

ನಾನು ವಾರಕ್ಕೊಮ್ಮೆ ಹೋಗುತ್ತಿದ್ದೆ. ಮೊದಮೊದಲು ಕೊತ್ತಂಬರಿ ಕಟ್ಟಿನ ಸದ್ದಾದರೆ ಸಾಕು, ಮರಿ ಕಂಬಿಗೆ ಮೂತಿಯಿಟ್ಟು ಸಿಳ್ಳೆ ಹಾಕುತ್ತಿತ್ತು. ಬರುಬರುತ್ತ ಅದು ನಿಂತಿತು. ಗೋಡೆಯ ಕಡೆ ಮುಖ ಮಾಡಿ ಉಬ್ಬಿಕೊಂಡು ಕೂತಿರುತ್ತಿತ್ತು. ಬೆನ್ನಿನ ಕೂದಲು ತೆಳುವಾಗಿ ಚರ್ಮ ಕಾಣತೊಡಗಿತು. ಕೆಲವೊಮ್ಮೆ ಒಂದೇ ಕಂಬಿಯನ್ನು ಅರ್ಧ ಗಂಟೆ ಕಚ್ಚುತ್ತಿತ್ತು. ಹೀಗೇ ಒಂದು ವರ್ಷ ಕಳೆಯಿತು.

"ವಯಸ್ಸಾಯ್ತು ಪಾಪ" ಎಂದ ಚಿಕ್ಕಪ್ಪ.

"ವಯಸ್ಸಲ್ಲ ಚಿಕ್ಕಪ್ಪ, ಏನೋ ಆಗಿದೆ. ಡಾಕ್ಟರಿಗೆ ತೋರ್ಸೋಣ ನಡಿ."

ಪ್ರಾಣಿಗಳ ಡಾಕ್ಟರಮ್ಮ ನಡುವಯಸ್ಸಿನವರು, ಮುಲಾಜಿಲ್ಲದ ಮಾತಿನವರು. ಮರಿಯನ್ನು ತೂಗಿ, ಹಲ್ಲು ನೋಡಿ, ಹೊಟ್ಟೆ ಒತ್ತಿ, ಕಿವಿಗೆ ದೀಪ ಹಿಡಿದು ನೋಡಿದರು.

"ಇದು ಒಂದೇ ಇರೋದಾ?"

"ಒಂದೇ ಮೇಡಂ. ಜೊತೆದು ಹೋಗಿ ವರ್ಷ ಆಯ್ತು."

"ಎಲ್ಲಿ ಇಟ್ಟಿದ್ದೀರಿ?"

ಚಿಕ್ಕಪ್ಪ ಉತ್ಸಾಹದಿಂದ ಎಲ್ಲ ವಿವರಿಸಿದ. ಶೆಲ್ಫು, ಕನ್ನಡಿ, ಮೊಲ, ಪಾಲಿಶ್ ಮಿಷನ್ನು, ದಿನವಿಡೀ ಮಾತು. ಡಾಕ್ಟರಮ್ಮ ನಡುವೆ ಬಾಯಿ ಹಾಕದೆ ಕೇಳಿದರು.

"ನೋಡಿ, ಇದಕ್ಕೆ ರೋಗ ಅಂತ ಏನೂ ಇಲ್ಲ. ಇವು ಗುಂಪಲ್ಲಿ ಬದುಕೋ ಪ್ರಾಣಿ. ಒಂದನ್ನೇ ಇಟ್ಟರೆ ಒಳಗೊಳಗೇ ಸೊರಗುತ್ತೆ. ಆ ಪಂಜರ ಮೂರು ಹೆಜ್ಜೆಗೆ ಮುಗಿಯುತ್ತೆ, ಇದಕ್ಕೆ ಓಡೋಕೆ ನೆಲ ಬೇಕು, ಎತ್ತರ ಅಲ್ಲ. ಆ ಮಿಷನ್ನಿನ ಕಿರಲು ಸದ್ದು ನಿಮಗೇ ಕಿವಿಗೆ ಚುಚ್ಚುತ್ತಲ್ಲ, ಇದರ ಕಿವಿ ನಿಮ್ಮದಕ್ಕಿಂತ ಸೂಕ್ಷ್ಮ. ಅವಿತುಕೊಳ್ಳೋಕೆ ಗೂಡಿಲ್ಲ. ಕನ್ನಡೀಲಿ ಕಾಣೋದು ಮೂಸಿದ್ರೆ ಗಾಜಿನ ವಾಸನೆ ಬರುತ್ತೆ. ಅದು ಜೊತೆ ಅಲ್ಲ."

"ನಾನಿದ್ದೀನಲ್ಲ ಮೇಡಂ. ಒಂದು ಕ್ಷಣ ಬಿಟ್ಟಿರಲ್ಲ ಅದನ್ನ."

"ನೀವಿದ್ದೀರಿ, ಸರಿ. ನಿಮ್ಮ ಪ್ರೀತಿಗೆ ನಾನು ಏನೂ ಅನ್ನಲ್ಲ. ಆದ್ರೆ ನಿಮ್ಮ ಮಾತು ಅದಕ್ಕೆ ಬರಲ್ಲ, ಅದರ ಮಾತು ನಿಮಗೆ ಬರಲ್ಲ. ಇದು ಒಂದು ವರ್ಷದಿಂದ ತನ್ನ ಭಾಷೇಲಿ ಒಂದು ಮಾತು ಆಡಿಲ್ಲ, ಒಂದು ಮಾತು ಕೇಳಿಲ್ಲ. ಯೋಚನೆ ಮಾಡಿ, ಹೇಗಿರುತ್ತೆ?"

ಚಿಕ್ಕಪ್ಪ ಮರಿಯ ಬೆನ್ನಿನ ಬೋಳು ಜಾಗವನ್ನು ಬೆರಳಿನಿಂದ ಸವರಿದ.

ಡಾಕ್ಟರಮ್ಮನ ಹತ್ತಿರವೇ ಒಂದು ಬೂದು ಬಣ್ಣದ ಗಂಡಿತ್ತು. ಯಾರೋ ಮನೆ ಬದಲಿಸುವಾಗ ಬಿಟ್ಟುಹೋಗಿದ್ದರು. ಮರಿಗಳಾಗದಂತೆ ಆಪರೇಷನ್ ಆಗಿತ್ತು. "ತಗೊಂಡು ಹೋಗಿ, ಆದರೆ ಮೊದಲು ಜಾಗ ಸರಿ ಮಾಡಿ" ಎಂದರು. ನಾನೂ ಚಿಕ್ಕಪ್ಪನೂ ಎರಡು ದಿನ ಕೂತು ಮೇಲಿನ ಒಳಕೋಣೆಯಲ್ಲಿ ಚಿಕ್ಕಮ್ಮ ಮಾಡಿದ್ದ ಹಲಗೆಯ ಅಂಗಳವನ್ನು ಮತ್ತೆ ನಿಲ್ಲಿಸಿದೆವು. ನೆಲಕ್ಕೆ ದಪ್ಪ ಬಟ್ಟೆ, ಅದರ ಮೇಲೆ ಒಣಹುಲ್ಲು. ಒಬ್ಬರು ಇನ್ನೊಬ್ಬರನ್ನು ಮೂಲೆಗೊತ್ತದಂತೆ ಎರಡೆರಡು ಬಾಗಿಲಿನ ಎರಡು ಗೂಡು. ಎರಡು ಬಟ್ಟಲು, ಎರಡು ನೀರಿನ ಬಾಟ್ಲಿ.

ಬೂದುಬಣ್ಣದವನನ್ನು ಬಿಟ್ಟದ್ದು ಒಂದು ಭಾನುವಾರ ಬೆಳಿಗ್ಗೆ. ಮರಿ ಹತ್ತು ನಿಮಿಷ ಕದಲಲಿಲ್ಲ. ಆಮೇಲೆ ಮೂಗು ಮುಂದೆ ಚಾಚಿತು. ಅವನು ಸೊಂಟ ಕುಣಿಸುತ್ತ, ಗುರ್ರೆನ್ನುತ್ತ ಅದರ ಸುತ್ತ ಬಂದ. ಮರಿ ಮೊದಲು ಹಲ್ಲು ಕಟಕಟಿಸಿತು. ಆಮೇಲೆ, ನಾವಿಬ್ಬರೂ ನೋಡುತ್ತಿದ್ದಂತೆ, ಒಂದು ವರ್ಷದಿಂದ ಮರೆತೇಹೋಗಿದ್ದ ಸದ್ದು ಅದರ ಗಂಟಲಿನಿಂದ ಬಂತು. ಸಣ್ಣ ಸಣ್ಣ ಗೊಣಗು, ಮೇಲೇರುವ ಸಿಳ್ಳೆ, ಮತ್ತೆ ಗೊಣಗು. ಅವನು ಉತ್ತರಿಸಿದ, ಅದು ಮತ್ತೆ ಹೇಳಿತು. ನಿಲ್ಲಲೇ ಇಲ್ಲ. ಎಷ್ಟೋ ಕಾಲದಿಂದ ಕೂಡಿಟ್ಟದ್ದನ್ನೆಲ್ಲ ಒಂದೇ ಸಲಕ್ಕೆ ಹೇಳಿ ಮುಗಿಸಬೇಕು ಎನ್ನುವ ಹಾಗಿತ್ತು.

"ಅಬ್ಬಬ್ಬಾ, ಏನು ಬಾಯಿ!" ಎಂದು ಚಿಕ್ಕಪ್ಪ ನಕ್ಕ. ಚಪ್ಪಾಳೆ ತಟ್ಟಿದ. ನಗು ಮುಗಿಯುವ ಮುನ್ನವೇ ಎದ್ದು ಹೊರಗೆ ಹೋದ. ಸ್ವಲ್ಪ ಹೊತ್ತಿನ ಮೇಲೆ ನೋಡಿದರೆ ಮೆಟ್ಟಿಲ ಮೇಲೆ ಕೂತಿದ್ದ, ಎರಡೂ ಕೈ ಮಂಡಿಯ ಮೇಲಿಟ್ಟುಕೊಂಡು.

"ಏನಾಯ್ತು ಚಿಕ್ಕಪ್ಪ?"

"ಹೀಗೇ ಮಾತಾಡ್ತಿದ್ದಳು ಕಣೇ ಅವಳು" ಎಂದ. "ಒಂದೇ ಒಂದು ಸಲ ನೋಡಿದ್ದೆ."

ಮದುವೆಯಾದ ಎರಡನೆಯ ವರ್ಷ, ಬಸ್‌ಸ್ಟ್ಯಾಂಡಿನಲ್ಲಿ. ಹಾಸ್ಟೆಲಿನಲ್ಲಿ ಚಿಕ್ಕಮ್ಮನ ಜೊತೆ ಹನ್ನೆರಡು ವರ್ಷ ಒಂದೇ ಕೋಣೆಯಲ್ಲಿದ್ದ ಗೆಳತಿ ಅಕಸ್ಮಾತ್ ಎದುರಾದಳು. ಇಬ್ಬರೂ ಕೈಚೀಲ ನೆಲಕ್ಕೆ ಹಾಕಿ ಮಾತಿಗೆ ನಿಂತರು. ಕೈ, ಭುಜ, ಹುಬ್ಬು, ಕೆನ್ನೆ ಎಲ್ಲ ಮಾತಾಡಿದವು. ಚಿಕ್ಕಮ್ಮ ಗಟ್ಟಿಯಾಗಿ, ತನಗೇ ಕೇಳದ ದನಿಯಲ್ಲಿ ನಕ್ಕಳು. ಜನ ತಿರುಗಿ ನೋಡಿದರು. ಇವಳು ಇಷ್ಟು ತಮಾಷೆಯವಳು ಎನ್ನುವುದು ಗಂಡನಿಗೇ ಗೊತ್ತಿರಲಿಲ್ಲ. ಒಂದು ಗಂಟೆ ಚಿಕ್ಕಪ್ಪ ಪಕ್ಕದಲ್ಲಿ ಕಂಬದ ಹಾಗೆ ನಿಂತಿದ್ದ. ಒಂದಕ್ಷರವೂ ತಿಳಿಯಲಿಲ್ಲ. ಕೊನೆಗೆ ಬಸ್ಸು ಬಂತೆಂದು ಅವಳ ಮೊಣಕೈ ಹಿಡಿದು ಎಳೆದ.

"ಅದು ನಮ್ಮ ಬಸ್ಸೇ ಅಲ್ಲ" ಎಂದ ಚಿಕ್ಕಪ್ಪ. "ಸುಮ್ನೆ ಎಳೆದೆ."

ಆಮೇಲೆ ಇನ್ನೊಂದನ್ನೂ ಹೇಳಿದ. ಹಳೆಯ ವಿದ್ಯಾರ್ಥಿಗಳು ತಿಂಗಳಿಗೊಂದು ಭಾನುವಾರ ಶಾಲೆಯ ಹಾಲ್‌ನಲ್ಲಿ ಸೇರುತ್ತಿದ್ದರು. ಚಿಕ್ಕಮ್ಮನನ್ನು ಕರೆದೊಯ್ಯಲು ಆ ಗೆಳತಿ ಮೂರು ಸಲ ಬಂದಿದ್ದಳು. ಮೂರು ಸಲವೂ ಚಿಕ್ಕಪ್ಪ ಕೆಳಗಿನ ಬಾಗಿಲಲ್ಲೇ ನಿಂತು "ಅಮ್ಮ", "ಮನೆ" ಎಂದು ಸನ್ನೆ ಮಾಡಿ, ತವರಿಗೆ ಹೋಗಿದ್ದಾಳೆ ಎಂದು ತಿಳಿಸಿ ಕಳಿಸಿದ. ಚಿಕ್ಕಮ್ಮ ಮೂರು ಸಲವೂ ಮೇಲೆ ಅಡಿಗೆಮನೆಯಲ್ಲಿದ್ದಳು. ಬಾಗಿಲು ಬಡಿದದ್ದು ಅವಳಿಗೆ ಕೇಳಿಸುವಂತಿರಲಿಲ್ಲವಲ್ಲ.

"ಯಾಕೆ ಹಾಗೆ ಮಾಡ್ದೆ?"

"ಅಲ್ಲಿ ಹೋದ್ರೆ ಅವಳು ಬೇರೆಯೋಳಾಗ್ತಾಳೆ ಅನ್ನಿಸ್ತು. ನಾನೇ ಸಾಕಾಗಲ್ವಾ ಅನ್ನಿಸ್ತು." ಒಳಗೆ ಗಿನಿಪಿಗ್‌ಗಳ ಮಾತು ಇನ್ನೂ ನಡೆದೇ ಇತ್ತು. "ಇಪ್ಪತ್ತು ವರ್ಷ ಕಣೇ. ಆ ಡಾಕ್ಟರಮ್ಮ ಒಂದು ವರ್ಷಕ್ಕೇ ಅಷ್ಟು ಬೈದರು."

ಅವನ ಪಕ್ಕದಲ್ಲಿ ಕೂತೆ, ಅಷ್ಟೆ.

ಮರುವಾರ ಚಿಕ್ಕಪ್ಪ ಒಂದು ಕೆಲಸಕ್ಕೆ ನನ್ನನ್ನು ಜೊತೆಗೆ ಕರೆದ. ಆ ಗೆಳತಿಯನ್ನು ನೋಡಬೇಕಿತ್ತು. ಆಸ್ಪತ್ರೆಯಲ್ಲಿ ಚಿಕ್ಕಮ್ಮ ಮತ್ತೆ ಮತ್ತೆ ಮಾಡಿದ ಸನ್ನೆಯ ಅರ್ಥ ತಿಳಿಯಬೇಕಿತ್ತು. "ಅರ್ಥ ಆಗಿತ್ತಲ್ಲ ನಿಂಗೆ? ತಲೆಯಾಡಿಸಿದೆಯಲ್ಲ?" ಎಂದು ನಾನು ಕೇಳಿದೆ. "ಸುಮ್ನೆ ಆಡಿಸಿದೆ" ಎಂದ.

ಚಿಕ್ಕಮ್ಮ ಮೊದಲು ಕೆಲಸ ಮಾಡುತ್ತಿದ್ದ ರಟ್ಟು ಕಟ್ಟುವ ಪ್ರೆಸ್ಸಿನಲ್ಲೇ ಗೆಳತಿ ಈಗಲೂ ಇದ್ದಳು. ಊಟದ ಬಿಡುವಿನಲ್ಲಿ ಹೋದೆವು. ಅಂಟಿನ ವಾಸನೆ ತುಂಬಿದ ಉದ್ದನೆಯ ಕೋಣೆ, ಆಳೆತ್ತರಕ್ಕೆ ಪೇರಿಸಿದ ಪುಸ್ತಕಗಳು. ಕಿಟಕಿಯ ಬಳಿ ಅವಳೂ ಅವಳ ಮಗಳೂ ಡಬ್ಬಿ ಬಿಚ್ಚಿ ಕೂತಿದ್ದರು. ಮಗಳು ಅದೇ ಪ್ರೆಸ್ಸಿನ ಆಫೀಸಿನಲ್ಲಿ ಟೈಪು ಮಾಡುವವಳು, ಕಿವಿ ಕೇಳುತ್ತದೆ, ಎರಡೂ ಮಾತು ಬಲ್ಲಳು. ಚಿಕ್ಕಪ್ಪನನ್ನು ಕಂಡ ಕೂಡಲೇ ಗೆಳತಿಯ ಕೈ ಡಬ್ಬಿಯ ಮೇಲೆ ನಿಂತುಹೋಯಿತು.

"ನಿಮ್ಮ ಗುರುತು ಸಿಕ್ತು ಅಂತಿದ್ದಾರೆ ಅಮ್ಮ" ಎಂದಳು ಮಗಳು. "ಆಂಟಿ ಹೋಗಿದ್ದು ತಿಂಗಳಾದ್ಮೇಲೆ ಗೊತ್ತಾಯ್ತಂತೆ. ಯಾರೂ ಹೇಳಿ ಕಳಿಸಲಿಲ್ಲ ಅಂತಾರೆ."

"ತಪ್ಪಾಯ್ತು ಅಂತ ಹೇಳಮ್ಮ" ಎಂದ ಚಿಕ್ಕಪ್ಪ. "ಆಸ್ಪತ್ರೇಲಿ ಕೊನೆ ದಿನ ಅವಳು ಏನೋ ಹೇಳಿದಳು. ಅದೇನು ಅಂತ ಕೇಳೋಕೆ ಬಂದೆ."

ಅವನು ಬಲಗೈ ಎತ್ತಿದ. ಬೆರಳುಗಳನ್ನು ಸ್ವಲ್ಪ ಮಡಿಸಿ ಎದೆಯ ಹತ್ತಿರ ತಂದು, ಹೊರಕ್ಕೆ ಚಾಚಿ ಇಳಿಸಿದ. ಗೆಳತಿ ಕಣ್ಣು ಕಿರಿದು ಮಾಡಿ ನೋಡಿದಳು. ಮತ್ತೆ ಮಾಡೆಂದು ಸೂಚಿಸಿದಳು. ಅವನು ಮಾಡಿದ. ಅವಳು ಮೇಜು ಸುತ್ತಿ ಬಂದು ಅವನ ಕೈಯನ್ನೇ ಹಿಡಿದು, ಹೆಬ್ಬೆರಳನ್ನು ಒಳಕ್ಕೆ ಮಡಿಸಿ ಪ್ರಶ್ನೆಯಂತೆ ಮುಖ ಮಾಡಿದಳು. ಆಮೇಲೆ ಹೆಬ್ಬೆರಳನ್ನು ಹೊರಗೆ ತೆಗೆದು ಮತ್ತೆ ಕೇಳಿದಳು. ಆಮೇಲೆ ಅಂಗೈಯನ್ನು ಮೇಲ್ಮುಖ ಮಾಡಿ.

"ಹೆಬ್ಬೆರಳು ಒಳಗಿತ್ತಾ ಹೊರಗಿತ್ತಾ ಅಂತ ಕೇಳ್ತಿದ್ದಾರೆ. ಅಂಗೈ ಯಾವ ಕಡೆ ಇತ್ತು? ಎದೆ ಮುಟ್ಟಿತ್ತಾ, ಇಲ್ವಾ?"

ಚಿಕ್ಕಪ್ಪನ ಕೈ ಗಾಳಿಯಲ್ಲೇ ನಿಂತಿತ್ತು. "ಒಂದೊಂದಕ್ಕೆ ಒಂದೊಂದು ಅರ್ಥನಾ?"

"ಹೂಂ ಅಂಕಲ್. ಹೀಗಿದ್ರೆ 'ಇಲ್ಲಿಂದ ಕರ್ಕೊಂಡು ಹೋಗು'. ಹೀಗಿದ್ರೆ 'ಇಲ್ಲಿ ಉರೀತಿದೆ'." ಹುಡುಗಿ ತಡೆದಳು. "ಹೀಗಿದ್ರೆ ಅದು ನಮ್ಮಮ್ಮನ ಹೆಸರು. ಹಾಸ್ಟೆಲಲ್ಲಿ ಆಂಟಿನೇ ಇಟ್ಟಿದ್ದಂತೆ."

ಚಿಕ್ಕಪ್ಪ ಮತ್ತೆ ಮಾಡಿ ನೋಡಿದ. ಹೆಬ್ಬೆರಳು ಒಳಗೆ, ಹೆಬ್ಬೆರಳು ಹೊರಗೆ. ಎದೆ ಮುಟ್ಟಿ, ಮುಟ್ಟದೆ. ಒಮ್ಮೆ ನೋಡಿದ ದವಡೆಯ ಓರೆಕೋರೆಯನ್ನು ಹತ್ತು ವರ್ಷದ ಮೇಲೂ ಬೆರಳಲ್ಲಿ ತೋರಿಸಬಲ್ಲವನು ಅವನು. ಹೆಂಡತಿ ನೂರು ಸಲ ಮಾಡಿದ ಸನ್ನೆಯಲ್ಲಿ ಹೆಬ್ಬೆರಳು ಎಲ್ಲಿತ್ತು ಎನ್ನುವುದು ನೆನಪಿಗೆ ಬರಲಿಲ್ಲ. "ನೀನು ನೋಡಿದೆಯಲ್ಲ, ನೀನು ಹೇಳು" ಎಂದು ನನ್ನ ಕಡೆ ತಿರುಗಿದ. ನಾನು ಬಾಗಿಲ ಬಳಿ ಇದ್ದೆ. ಕೈ ಎದ್ದದ್ದು, ಇಳಿದದ್ದು ಮಾತ್ರ ನೋಡಿದ್ದೆ.

ಗೆಳತಿ ಅವನ ಕೈಯನ್ನು ನಿಧಾನವಾಗಿ ಕೆಳಗಿಳಿಸಿ ಬಿಟ್ಟಳು. ಆಮೇಲೆ ಮಗಳಿಗೆ ಏನೋ ಹೇಳಿದಳು. ಮಗಳು ಹೇಳಲು ಹಿಂಜರಿದಳು.

"ಹೇಳಮ್ಮ, ಪರವಾಗಿಲ್ಲ" ಎಂದ ಚಿಕ್ಕಪ್ಪ.

"ನೀವು ಬಾಗಿಲಿಂದ ಅಮ್ಮನ್ನ ವಾಪಸ್ ಕಳಿಸಿದ್ದು ಆಂಟಿಗೆ ಗೊತ್ತಿತ್ತಂತೆ. ಮೂರನೇ ಸಲ ಮೇಲಿನ ಕಿಟಕಿಯಿಂದ ನೋಡಿದ್ರಂತೆ. ನಮ್ಮಮ್ಮ ರಸ್ತೆ ದಾಟ್ತಾ ಇದ್ರು, ಆಂಟಿ ಕೈ ಬೀಸಿದ್ರಂತೆ. ಅಮ್ಮ ತಿರುಗಿ ನೋಡಲಿಲ್ಲ. ಕೂಗಿದ್ರೆ ಕೇಳಲ್ಲವಲ್ಲ. ಆಮೇಲೆ ಆಂಟಿ ಹೇಗೋ ನಾಲ್ಕು ಸಾಲು ಕಾಗದ ಬರೆದಿದ್ರಂತೆ, ಇನ್ನು ಬರಬೇಡ ಅಂತ. ಅವನಿಗೆ ಇಷ್ಟ ಇಲ್ಲ, ಪಾಪ ಒಳ್ಳೆಯವನು, ಬೇಜಾರು ಮಾಡ್ಕೋತಾನೆ ಅಂತ."

"ನನ್ನನ್ನ ಒಂದು ಮಾತೂ ಕೇಳಲಿಲ್ಲವಲ್ಲ ಅವಳು" ಎಂದ ಚಿಕ್ಕಪ್ಪ.

ಹುಡುಗಿ ಅದನ್ನು ಸನ್ನೆಯಲ್ಲಿ ತಾಯಿಗೆ ತಿಳಿಸಿದಳು. ತಾಯಿಯ ಉತ್ತರ ಚಿಕ್ಕದಾಗಿತ್ತು.

"ಯಾವ ಭಾಷೇಲಿ ಕೇಳಬೇಕಿತ್ತು ಅಂತಾರೆ."

ಬಿಡುವು ಮುಗಿದ ಗುರುತಿಗೆ ಗೋಡೆಯ ಮೇಲಿನ ಕೆಂಪು ದೀಪ ಹತ್ತಿತು. ಗೆಳತಿ ಡಬ್ಬಿ ಮುಚ್ಚಿ ಎದ್ದಳು. ಹೋಗಿ ತನ್ನ ಜಾಗದಲ್ಲಿ ಕೂತು ಕಾಗದ ಮಡಿಸತೊಡಗಿದಳು.

ವಾಪಸು ಬರುವಾಗ ಬಸ್ಸಿನಲ್ಲಿ ಆಗಾಗ ಅವನ ಬಲಗೈ ಎದೆಯ ಹತ್ತಿರ ಹೋಗುತ್ತಿತ್ತು, ಬೆರಳು ಮಡಿಸುತ್ತಿದ್ದ, ಬಿಚ್ಚುತ್ತಿದ್ದ. ಎದುರಿನ ಸೀಟಿನ ಮಗುವೊಂದು ಅದನ್ನು ಆಟವೆಂದು ತಿಳಿದು ತಾನೂ ಹಾಗೇ ಮಾಡಿತು. ಚಿಕ್ಕಪ್ಪ ಕೈಯನ್ನು ಜೇಬಿಗೆ ಹಾಕಿಕೊಂಡ.

ಒಂದು ಸಂಜೆ ಸನ್ನೆ ಭಾಷೆ ಕಲಿಸುವ ತರಗತಿಗೂ ಹೋಗಿ ಬಂದ. ಅಲ್ಲಿ ಎಲ್ಲರೂ ಎಳೆಯ ಅಪ್ಪ ಅಮ್ಮಂದಿರು, ಕಿವಿ ಕೇಳದ ಪುಟ್ಟ ಮಕ್ಕಳಿದ್ದವರು. ಪ್ರತಿಯೊಬ್ಬರೂ ಎದ್ದು ತಾವು ಯಾರ ಸಲುವಾಗಿ ಕಲಿಯುತ್ತಿದ್ದೇವೆಂದು ಹೇಳಬೇಕಿತ್ತು. ಚಿಕ್ಕಪ್ಪ ತನ್ನ ಸರದಿ ಬರುವ ಮುನ್ನ ಎದ್ದು ಬಂದನಂತೆ.

ಬೂದುಬಣ್ಣದವನು ಬಂದ ಮೇಲಿನ ಎಂಟು ತಿಂಗಳು ಮರಿ ಮಾತ್ರ ಚೆನ್ನಾಗಿತ್ತು. ಬೆನ್ನಿನ ಮೇಲೆ ಮತ್ತೆ ಕೂದಲು ಬಂತು. ಹಲಗೆಯಂಗಳದ ಈ ತುದಿಯಿಂದ ಆ ತುದಿಗೆ ಇಬ್ಬರೂ ಒಬ್ಬರ ಹಿಂದೊಬ್ಬರು ಓಡುತ್ತಿದ್ದರು. ಮಲಗುವಾಗ ಒಂದೇ ಗೂಡಿನಲ್ಲಿ ಬೆನ್ನಿಗೆ ಬೆನ್ನು ಹಚ್ಚಿ ಮಲಗುತ್ತಿದ್ದರು. ಚಿಕ್ಕಪ್ಪ ಹೊತ್ತಿಗೆ ಸರಿಯಾಗಿ ಹುಲ್ಲು ಹಾಕುತ್ತಿದ್ದ, ಬಟ್ಟೆ ಬದಲಿಸುತ್ತಿದ್ದ, ಸೌತೆಕಾಯಿ ಹೆಚ್ಚಿ ಇಡುತ್ತಿದ್ದ. ಅವುಗಳ ಜೊತೆ ಮಾತಾಡುವುದನ್ನು ಮಾತ್ರ ಬಿಟ್ಟಿದ್ದ. ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೇಳುತ್ತ ಕೂರುತ್ತಿದ್ದ. ನಾನು ಹೋದರೆ ತುಟಿಯ ಮೇಲೆ ಬೆರಳಿಟ್ಟು, ಸದ್ದು ಮಾಡಬೇಡವೆಂದು ಸೂಚಿಸುತ್ತಿದ್ದ.

ಕೆಳಗಿನ ಕೆಲಸ ನಡೆದಿತ್ತು. ಆದರೆ ಕೈ ಮೊದಲಿನಂತಿರಲಿಲ್ಲ. ಹಲ್ಲುಸೆಟ್‌ಗಳು ಹಿಂದಕ್ಕೆ ಬರತೊಡಗಿದವು. ಒಂದು ಸಲ ಮೇಲಿನ ದವಡೆಗೆ ಎಡದ ಹಲ್ಲನ್ನು ಬಲಕ್ಕೆ ಕೂರಿಸಿದ್ದ. ಹಲ್ಲಿನ ಡಾಕ್ಟರು ನಗುತ್ತಲೇ ತೋರಿಸಿದರು. ಮೊದಲಾಗಿದ್ದರೆ ಚಿಕ್ಕಪ್ಪ ಅದರ ಮೇಲೆ ಮೂರು ಜೋಕು ಕಟ್ಟುತ್ತಿದ್ದ. ಅಂದು "ಮಾಡಿ ಕೊಡ್ತೀನಿ" ಎಂದಷ್ಟೇ ಹೇಳಿ ಅಚ್ಚು ಒಳಗೆ ತೆಗೆದುಕೊಂಡ.

ಮರಿ ಸತ್ತದ್ದು ಒಂದು ಮಧ್ಯಾಹ್ನ, ವಯಸ್ಸಾಗಿಯೇ. ಎರಡು ದಿನ ಊಟ ಬಿಟ್ಟಿತ್ತು. ಬೂದುಬಣ್ಣದವನು ಅದರ ಕಿವಿ ನೆಕ್ಕಿದ, ಮೂತಿಯಿಂದ ನೂಕಿದ, ಸುತ್ತ ಬಂದ. ಆಮೇಲೆ ದೂರ ಹೋಗಿ ಕೂತು ಸಿಳ್ಳೆ ಹಾಕಿದ. ಉತ್ತರ ಬರಲಿಲ್ಲ. ಮರಿಯನ್ನು ಹಿತ್ತಲಲ್ಲಿ ಮಣ್ಣು ಮಾಡಿ ಬಂದ ಮೇಲೂ ಅವನು ಕರೆಯುವುದನ್ನು ಬಿಟ್ಟಿರಲಿಲ್ಲ.

"ಇನ್ನೊಂದು ತರೋಣ ಚಿಕ್ಕಪ್ಪ. ಡಾಕ್ಟರಮ್ಮನ್ನ ಕೇಳ್ತೀನಿ" ಎಂದೆ.

"ಇವನಿಗೊಂದು ತರೋದು, ಇವನು ಹೋದ ಮೇಲೆ ಅದಕ್ಕೊಂದು ತರೋದು. ಯಾವಾಗ ನೋಡಿದರೂ ಒಂದು ಒಂಟಿಯಾಗೇ ಆಗುತ್ತೆ." ಅವನು ಬಹಳ ದಿನದ ಮೇಲೆ ಆಡಿದ ಉದ್ದನೆಯ ಮಾತು ಅದು. "ನನ್ನ ಕೈಯಲ್ಲಿ ಬೇಡ. ಗುಂಪಿರೋ ಕಡೆ ಬಿಟ್ಟು ಬರೋಣ."

ಊರಾಚೆ ನಿವೃತ್ತ ಮೇಷ್ಟ್ರೊಬ್ಬರ ಮನೆಯಲ್ಲಿ ಎಂಟು ಗಿನಿಪಿಗ್‌ಗಳಿದ್ದವು. ವಿಳಾಸ ಕೊಟ್ಟದ್ದು ಡಾಕ್ಟರಮ್ಮನೇ. ನೆರಳಿರುವ ಅಂಗಳಕ್ಕೆ ಸಣ್ಣ ಕಣ್ಣಿನ ಜಾಲರಿ ಕಟ್ಟಿ, ಒಳಗೆ ಉದ್ದನೆಯ ಗೂಡು, ಕೊಳವೆ, ಹುಲ್ಲಿನ ರಾಶಿ ಎಲ್ಲ ಮಾಡಿದ್ದರು. ಮೊದಲು ಎರಡು ವಾರ ಬೇರೆಯಾಗಿಟ್ಟು ಆಮೇಲೆ ಸೇರಿಸುತ್ತೇನೆಂದರು. ಹೇಳಿದಂತೆಯೇ ಮಾಡಿ, ಸೇರಿಸುವ ದಿನ ನಮ್ಮನ್ನು ಕರೆಸಿದರು. ಬೂದುಬಣ್ಣದವನು ಒಂದು ಗಳಿಗೆ ಅಂಜಿ ನಿಂತ, ಆಮೇಲೆ ಗುಂಪಿನೊಳಗೆ ನುಗ್ಗಿದ. ಮೂಸುವುದು, ಗೊಣಗುವುದು, ಓಡುವುದು. ಐದು ನಿಮಿಷದಲ್ಲಿ ಯಾವುದು ನಮ್ಮದೆಂದು ಹುಡುಕಬೇಕಾಯಿತು.

"ಯಾವಾಗ ಬೇಕಾದ್ರೂ ಬಂದು ನೋಡಿಕೊಂಡು ಹೋಗಿ" ಎಂದರು ಮೇಷ್ಟ್ರು.

"ಆಗಲಿ" ಎಂದ ಚಿಕ್ಕಪ್ಪ. ಮತ್ತೆ ಹೋಗಲಿಲ್ಲ.

ಆ ವರ್ಷದ ಕೊನೆಗೆ ಅವನು ಮೇಲಿನ ಕೋಣೆಗಳನ್ನು ಬಿಟ್ಟುಕೊಟ್ಟ. ಹಲ್ಲಿನ ಡಾಕ್ಟರು ಅದನ್ನು ಎಳೆಯ ಗಂಡ ಹೆಂಡತಿಗೆ ಬಾಡಿಗೆಗೆ ಕೊಟ್ಟರು. ಚಿಕ್ಕಪ್ಪ ಕಾರ್ಖಾನೆಯಲ್ಲೇ ಪ್ಲಾಸ್ಟರ್ ಮೂಟೆಗಳ ಪಕ್ಕ ಮಂಚ ಹಾಕಿಕೊಂಡ. ನನ್ನಪ್ಪ ಹೋಗಿ ಜಗಳವನ್ನೇ ಮಾಡಿದ: "ಅಣ್ಣ ಅನ್ನೋನು ಒಬ್ಬ ಸತ್ತಿದ್ದಾನಾ? ಮನೇಲಿ ಜಾಗ ಇಲ್ವಾ?" ಚಿಕ್ಕಪ್ಪ ಅವನ ಕೈ ಹಿಡಿದು ಕೂರಿಸಿದ, ಚಹಾ ಕೊಟ್ಟ, ಬರುತ್ತೇನೆಂದೂ ಹೇಳಲಿಲ್ಲ, ಬರುವುದಿಲ್ಲವೆಂದೂ ಹೇಳಲಿಲ್ಲ.

ನಾನು ಈಗಲೂ ವಾರಕ್ಕೊಮ್ಮೆ ಹೋಗುತ್ತೇನೆ. ಆಫೀಸಿನ ಸುದ್ದಿ, ಮನೆಯ ಸುದ್ದಿ ಎಲ್ಲ ಹೇಳುತ್ತೇನೆ. ಅವನು ಮೇಣದ ಚಾಕು ಕೆಳಗಿಟ್ಟು ನನ್ನ ಬಾಯಿಯನ್ನೇ ನೋಡುತ್ತಾನೆ. ಮೊನ್ನೆ ಹೋದಾಗ ಮೇಲಿನವರು ಏನೋ ಹೇಳಿಕೊಂಡು ನಗುತ್ತಿದ್ದರು. ಚಾವಣಿಯ ಮೂಲಕ ನಗು ಮಾತ್ರ ಇಳಿದು ಬರುತ್ತಿತ್ತು, ಪದಗಳು ತಿಳಿಯುತ್ತಿರಲಿಲ್ಲ.

"ಏನಂತೆ?" ಎಂದು ಕೇಳಿದ ಚಿಕ್ಕಪ್ಪ.

"ಗೊತ್ತಾಗ್ತಿಲ್ಲ ಚಿಕ್ಕಪ್ಪ."

ಅವನು ಚಾವಣಿಯತ್ತ ಕತ್ತೆತ್ತಿ ಆಲಿಸಿದ. ಆಮೇಲೆ ಎದ್ದು ಹೋಗಿ ಪಾಲಿಶ್ ಮಿಷನ್ನನ್ನು ಹಾಕಿದ. ಅದರ ಕಿರಲಿನಲ್ಲಿ ಮೇಲಿನ ನಗು ಮುಳುಗಿತು.